ಎರಡು ತುದಿಗಳ ಸುಣ್ಣದ ಗೆರೆ

ಪ್ರಶ್ನೆ: ನಾನು ಸಿಂಧನೂರು ತಾಲ್ಲೂಕಿನ ಭತ್ತದ ರೈತ. ಡಿಪ್ಲೊಮಾ ಓದಿದ್ದೇನೆ. ನಮ್ಮ ರಾಯಚೂರು ಜಿಲ್ಲೆಯಲ್ಲೇ ಶಕ್ತಿನಗರದ ವಿದ್ಯುತ್ ಸ್ಥಾವರವಿದೆ, ಯರಮರಸ್ ಸ್ಥಾವರವಿದೆ. ಆದರೂ ಕೆಲವು ರಾತ್ರಿ ಮನೆಯ ದೀಪ ಒಮ್ಮೆ ಮಂಕಾಗಿ ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಬೆಳಗುತ್ತದೆ. ಪಂಪ್‌ಸೆಟ್ಟಿನ ಮೋಟಾರು ಈ ವರ್ಷ ಎರಡು ಸಲ ಸುಟ್ಟಿತು. ದೇಶದ ವಿದ್ಯುತ್ ಜಾಲವನ್ನು ಉಪಗ್ರಹದ ಸಮಯಕ್ಕೆ ಹೊಂದಿಸಿದ ಉಪಕರಣಗಳು ಸೆಕೆಂಡಿಗೆ 25 ಸಲ ಅಳೆಯುತ್ತವೆ ಎಂದು ಕೇಳಿದ್ದೇನೆ. ಹಾಗೆ ಅಳೆದರೆ ಹೊಸದಾಗಿ ಏನು ತಿಳಿಯುತ್ತದೆ? ನಮ್ಮ ಹೊಲದ ತೊಂದರೆ ಅದಕ್ಕೆ ಕಾಣುತ್ತದೆಯೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನಿಮ್ಮ ದೀಪ ಮಂಕಾದದ್ದು ಬಹುಮಟ್ಟಿಗೆ ಆ ಉಪಕರಣಗಳಿಗೆ ಕಂಡಿರುತ್ತದೆ. ನಿಮ್ಮ ಮೋಟಾರು ಸುಟ್ಟದ್ದು ಕಂಡಿರುವುದಿಲ್ಲ. ಎರಡೂ ವಿದ್ಯುತ್ತಿನ ತೊಂದರೆಗಳೇ, ಆದರೆ ಒಂದರ ಬೇರು ಎತ್ತರದ ಗೋಪುರಗಳ ಜಾಲದಲ್ಲಿದೆ, ಇನ್ನೊಂದರದು ನಿಮ್ಮ ಊರಿನ ಟಿ.ಸಿ.ಯಿಂದ (ಟ್ರಾನ್ಸ್‌ಫಾರ್ಮರಿನಿಂದ) ಹೊಲದವರೆಗಿನ ತಂತಿಯಲ್ಲಿದೆ. ಇವೆರಡನ್ನು ಒಂದೇ ಎಂದುಕೊಂಡು ತಪ್ಪು ಕಚೇರಿಯ ಬಾಗಿಲು ತಟ್ಟಿ ದಣಿದ ರೈತರನ್ನು ನಾನು ಸೇವೆಯಲ್ಲಿದ್ದಾಗ ಬಹಳ ಕಂಡಿದ್ದೇನೆ. ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ರಾಯಚೂರಿನ ಹತ್ತಿ ಜಿನ್ನಿಂಗ್ ಕಾರ್ಖಾನೆಯೊಳಗೆ ನೀವು ಹೋಗಿರಬಹುದು. ಹಳೆಯ ಕಾರ್ಖಾನೆಗಳಲ್ಲಿ ಒಂದು ತುದಿಯಲ್ಲಿ ದೊಡ್ಡ ಮೋಟಾರು, ಅದಕ್ಕೆ ಜೋಡಿಸಿದ ಉದ್ದನೆಯ ಶಾಫ್ಟು, ಆ ಶಾಫ್ಟಿನಿಂದ ಸಾಲಾಗಿ ಪಟ್ಟಾ ಹಾಕಿಸಿಕೊಂಡು ತಿರುಗುವ ಜಿನ್ನುಗಳು ಇರುತ್ತವೆ. ಶಾಫ್ಟು ನಿಂತಿರುವಾಗ ಅದರ ಎರಡೂ ತುದಿಗಳಲ್ಲಿ ಒಂದೇ ನೇರಕ್ಕೆ ಸುಣ್ಣದ ಗೆರೆ ಎಳೆಯಿರಿ. ಈಗ ಮೋಟಾರು ಚಾಲು ಮಾಡಿ, ಜಿನ್ನುಗಳಿಗೆ ಹತ್ತಿ ಹಾಕಿಸಿ. ನಿಮಿಷಕ್ಕೆ ಎಷ್ಟು ಸುತ್ತು ಎಂದು ಎಣಿಸಿದರೆ ಎರಡೂ ತುದಿಗಳಲ್ಲಿ ಒಂದೇ ಲೆಕ್ಕ ಬರುತ್ತದೆ. ಆದರೆ ಗೆರೆಗಳು ಈಗ ಒಂದೇ ನೇರದಲ್ಲಿಲ್ಲ. ಹೊರೆಯ ಬಿಗಿತಕ್ಕೆ ಶಾಫ್ಟು ಕೂದಲೆಳೆಯಷ್ಟು ತಿರುಚಿಕೊಂಡಿದೆ. ಮೋಟಾರಿನ ಕಡೆಯ ಗೆರೆ ತುಸು ಮುಂದೆ, ಹೊರೆಯ ಕಡೆಯದು ತುಸು ಹಿಂದೆ. ಹತ್ತಿ ಹೆಚ್ಚಿದಂತೆ ತಿರುಚು ಹೆಚ್ಚುತ್ತದೆ. ಸುತ್ತಿನ ಲೆಕ್ಕ ಮಾತ್ರ ನೋಡುತ್ತ ಕುಳಿತವನಿಗೆ ಶಾಫ್ಟು ಎಷ್ಟು ಬಿಗಿದಿದೆ ಎಂಬುದು ಅದು ಮುರಿಯುವವರೆಗೂ ತಿಳಿಯುವುದಿಲ್ಲ.

ವಿದ್ಯುತ್ ಜಾಲವೂ ಇಂಥದ್ದೇ ಶಾಫ್ಟು. ಸುತ್ತಿನ ಲೆಕ್ಕಕ್ಕೆ ಅಲ್ಲಿ ಆವರ್ತನ ಎಂದು ಹೆಸರು: ಸೆಕೆಂಡಿಗೆ 50 ಸುತ್ತು, ಅಂದರೆ 50 ಹರ್ಟ್ಜ್. ಶಕ್ತಿನಗರದ ಉಗಿ ಟರ್ಬೈನು ನಿಮಿಷಕ್ಕೆ 3000 ಸಲ ತಿರುಗುವುದು ಇದೇ ಕಾರಣಕ್ಕೆ. ಗೆರೆಗಳ ನಡುವಿನ ಅಂತರಕ್ಕೆ ವೋಲ್ಟೇಜಿನ ಕೋನ ಎಂದು ಹೆಸರು. ವಿದ್ಯುತ್ ಹರಿಯುವುದು ಕೋನ ಮುಂದಿರುವ ಕಡೆಯಿಂದ ಹಿಂದಿರುವ ಕಡೆಗೆ. ಒಂದು ಮಾರ್ಗದ ಮೇಲೆ ಎಷ್ಟು ವಿದ್ಯುತ್ ಹರಿಯುತ್ತದೆ ಎಂಬುದು ಎರಡು ತುದಿಗಳ ಕೋನಾಂತರದ ಸೈನ್ ಬೆಲೆಯನ್ನು ಅವಲಂಬಿಸಿದೆ. ಡಿಪ್ಲೊಮಾದಲ್ಲಿ ಈ ಸೂತ್ರವನ್ನು ನೀವು ಬರೆದಿರುತ್ತೀರಿ. ಅಂತರ 30 ಡಿಗ್ರಿ ಇದ್ದಾಗ ಮಾರ್ಗ ಹೊರಬಲ್ಲ ಗರಿಷ್ಠದ ಅರ್ಧ ಹರಿಯುತ್ತದೆ, 90 ಡಿಗ್ರಿಗೆ ಗರಿಷ್ಠ ಮುಟ್ಟುತ್ತದೆ. ಶಾಫ್ಟಿನ ಹೋಲಿಕೆ ಸಾಲದೆ ಹೋಗುವುದು ಇಲ್ಲಿ. ಉಕ್ಕನ್ನು ಹೆಚ್ಚು ತಿರುಚಿದಷ್ಟೂ ಅದು ಹೆಚ್ಚು ಬಲದಿಂದ ತಡೆಯುತ್ತದೆ. ಜಾಲ ಹಾಗಲ್ಲ, 90 ಡಿಗ್ರಿ ದಾಟಿದ ಮೇಲೆ ಕೋನ ಹೆಚ್ಚಿದಷ್ಟೂ ಹರಿವು ಕಡಿಮೆಯಾಗುತ್ತದೆ. ಆಗ ಉತ್ಪಾದನೆಯ ಕಡೆಯ ಯಂತ್ರಗಳು ಇನ್ನಷ್ಟು ಮುಂದೆ ಓಡುತ್ತವೆ, ಎರಡು ಕಡೆಗಳ ಹಿಡಿತವೇ ಕಳಚುತ್ತದೆ.

ಹಾಗಾದರೆ ಕೋನವನ್ನು ಮೊದಲಿನಿಂದಲೇ ಏಕೆ ಅಳೆಯಲಿಲ್ಲ? ಗಡಿಯಾರ ಇರಲಿಲ್ಲ. ತಿರುಗುತ್ತಿರುವ ಶಾಫ್ಟಿನ ಎರಡು ಗೆರೆಗಳ ಅಂತರ ತಿಳಿಯಬೇಕಾದರೆ ಎರಡೂ ತುದಿಗಳನ್ನು ಒಂದೇ ಕ್ಷಣದಲ್ಲಿ ನೋಡಬೇಕು. ಒಂದು ತುದಿ ಶಕ್ತಿನಗರದಲ್ಲಿ, ಇನ್ನೊಂದು ನೂರಾರು ಕಿಲೋಮೀಟರ್ ಆಚೆ ಇದ್ದರೆ ಆ ಒಂದೇ ಕ್ಷಣ ಯಾವುದು? ಗೆರೆ ಒಂದು ಮಿಲಿಸೆಕೆಂಡಿನಲ್ಲಿ 18 ಡಿಗ್ರಿ ಓಡಿರುತ್ತದೆ. ಎರಡು ಗಡಿಯಾರಗಳ ನಡುವೆ ಒಂದೇ ಒಂದು ಮಿಲಿಸೆಕೆಂಡು ವ್ಯತ್ಯಾಸವಿದ್ದರೂ ಇಲ್ಲದ 18 ಡಿಗ್ರಿ ಇದ್ದಂತೆ ತೋರುತ್ತದೆ. ಅದಕ್ಕಿಂತ ಅಳೆಯದೇ ಇರುವುದು ಮೇಲು.

ಜಿಪಿಎಸ್ ಉಪಗ್ರಹಗಳು ಈ ಗಂಟನ್ನು ಬಿಡಿಸಿದವು. ದಾರಿ ತೋರಿಸುವ ಆ ಉಪಗ್ರಹಗಳ ಒಳಗಿರುವುದು ಪರಮಾಣು ಗಡಿಯಾರ. ಅದರ ಸಂಕೇತ ಹಿಡಿಯುವ ಯಾವ ಉಪಕರಣವಾದರೂ ಸೆಕೆಂಡಿನ ಆರಂಭವನ್ನು ಒಂದು ಮೈಕ್ರೋಸೆಕೆಂಡಿನೊಳಗೆ ಗುರುತಿಸಬಲ್ಲದು. ಆ ಒಂದು ಮೈಕ್ರೋಸೆಕೆಂಡಿಗೆ ಕೋನದಲ್ಲಿ ಆಗುವ ತಪ್ಪು 0.018 ಡಿಗ್ರಿ. ಇದನ್ನು ಬಳಸಿಕೊಂಡು 1988ರಲ್ಲಿ ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ಅರುಣ್ ಫಡ್ಕೆ ಮತ್ತು ಜೇಮ್ಸ್ ಥಾರ್ಪ್ ಅವರ ತಂಡ ಮೊದಲ ಫೇಸರ್ ಅಳತೆ ಘಟಕವನ್ನು ರೂಪಿಸಿತು. ಅಲೆಯ ಎತ್ತರ ಮತ್ತು ಕೋನ ಸೇರಿದ ಅಳತೆಗೆ ಫೇಸರ್ ಎಂದು ಹೆಸರು. ಫಡ್ಕೆ ಖರಗಪುರದ ಐಐಟಿಯಲ್ಲಿ ಓದಿದವರು. ಆ ಉಪಕರಣಕ್ಕೇ ಇಂದು ಎಲ್ಲರೂ ಪಿಎಂಯು ಎನ್ನುತ್ತಾರೆ.

ಹೊರಗಿನಿಂದ ನೋಡಿದರೆ ಅದು ಕಂಟ್ರೋಲ್ ರೂಮಿನ ಪ್ಯಾನೆಲ್ಲಿನಲ್ಲಿ ಕುಳಿತ ಒಂದು ಪೆಟ್ಟಿಗೆ ಅಷ್ಟೇ. ಅಂಗಳದ ಸಿ.ಟಿ., ಪಿ.ಟಿ. ಎಂಬ ಅಳತೆಯ ಟ್ರಾನ್ಸ್‌ಫಾರ್ಮರುಗಳಿಂದ ಬರುವ ಕರೆಂಟು ಮತ್ತು ವೋಲ್ಟೇಜುಗಳನ್ನು ಅದು ಸತತವಾಗಿ ಮಾದರಿ ತೆಗೆಯುತ್ತದೆ, ಅಲೆಯ ಎತ್ತರವನ್ನೂ ಕೋನವನ್ನೂ ಲೆಕ್ಕ ಹಾಕುತ್ತದೆ, ಆ ಲೆಕ್ಕಕ್ಕೆ ಉಪಗ್ರಹದ ಸಮಯದ ಮುದ್ರೆ ಒತ್ತಿ ಕಳಿಸುತ್ತದೆ. ಕಳಿಸುವ ದಾರಿ ನಿಮ್ಮ ತಲೆಯ ಮೇಲೇ ಇದೆ. ದೊಡ್ಡ ಗೋಪುರಗಳ ತುತ್ತತುದಿಯಲ್ಲಿ ಸಿಡಿಲು ತಡೆಯಲೆಂದು ಹಾಯಿಸಿದ ತೆಳುವಾದ ಭೂತಂತಿಯನ್ನು ಗಮನಿಸಿದ್ದೀರಾ? ಈಗಿನ ಮಾರ್ಗಗಳಲ್ಲಿ ಅದರ ಹೊಟ್ಟೆಯೊಳಗೆ ಬೆಳಕಿನ ಸಂಕೇತ ಒಯ್ಯುವ ಗಾಜಿನ ಎಳೆಗಳಿರುತ್ತವೆ. ಅಳತೆಗಳು ಅದರಲ್ಲಿ ಬೆಂಗಳೂರಿನ ಭಾರ ನಿಯಂತ್ರಣ ಕೇಂದ್ರಗಳಿಗೆ, ಅಲ್ಲಿಂದ ದೆಹಲಿಗೆ ಹೋಗುತ್ತವೆ. ಅಲ್ಲಿನ ಕಂಪ್ಯೂಟರು ಅಳತೆಗಳ ಯಾವ ಪೊಟ್ಟಣ ಮೊದಲು ಬಂತು, ಯಾವುದು ತಡವಾಯಿತು ಎಂದು ನೋಡುವುದಿಲ್ಲ. ಒಂದೇ ಸಮಯದ ಮುದ್ರೆ ಇರುವವುಗಳನ್ನು ಒಟ್ಟಿಗೆ ಜೋಡಿಸುತ್ತದೆ. ಆಗ ಇಡೀ ದೇಶದ ಸುಣ್ಣದ ಗೆರೆಗಳು ಒಂದೇ ಕ್ಷಣದಲ್ಲಿ ಎಲ್ಲಿದ್ದವು ಎಂಬ ಚಿತ್ರ ಸಿಗುತ್ತದೆ, 40 ಮಿಲಿಸೆಕೆಂಡಿಗೊಂದು.

ಡಿಪ್ಲೊಮಾ ಓದಿದವರು ಇಲ್ಲೊಂದು ಕಡೆ ಎಡವುತ್ತಾರೆ. ಒಂದೇ ಪಿಎಂಯುವಿನ ಕೋನವನ್ನು ಪರದೆಯ ಮೇಲೆ ನೋಡಿದರೆ ಅದು ನಿಲ್ಲದೆ ತಿರುಗುತ್ತಿರುತ್ತದೆ. ಉಪಕರಣ ಕೆಟ್ಟಿದೆ ಎಂದುಕೊಳ್ಳಬೇಡಿ. ಹೋಲಿಕೆಗೆ ಇಟ್ಟುಕೊಂಡ ಅಲೆ ಕರಾರುವಾಕ್ಕಾಗಿ 50 ಹರ್ಟ್ಜಿನದು, ಜಾಲ 50.02ರಲ್ಲಿ ಓಡುತ್ತಿದ್ದರೆ ಕೋನ ಸೆಕೆಂಡಿಗೆ 7.2 ಡಿಗ್ರಿ ಮುಂದೆ ಸರಿಯುತ್ತಲೇ ಇರುತ್ತದೆ. ಅರ್ಥವಿರುವುದು ಎರಡು ಜಾಗಗಳ ಕೋನಗಳ ವ್ಯತ್ಯಾಸಕ್ಕೆ ಮಾತ್ರ.

ಕೋನ ಏಕೆ ಇಷ್ಟು ಮುಖ್ಯ ಎಂಬುದಕ್ಕೆ 2012ರ ಜುಲೈ 30 ಮತ್ತು 31ಕ್ಕಿಂತ ದೊಡ್ಡ ಸಾಕ್ಷಿ ಬೇಡ. 30ರ ನಸುಕಿನ 2 ಗಂಟೆ 33 ನಿಮಿಷಕ್ಕೆ ಉತ್ತರದ ಜಾಲ ಬಿದ್ದಿತು. ಎತ್ತಿ ನಿಲ್ಲಿಸಿದ ಮರುದಿನ ಮಧ್ಯಾಹ್ನ 1 ಗಂಟೆಗೆ ಉತ್ತರ, ಪೂರ್ವ, ಈಶಾನ್ಯ ಮೂರೂ ಬಿದ್ದವು. ಸುಮಾರು 60 ಕೋಟಿ ಜನ ಕತ್ತಲಲ್ಲಿ ಉಳಿದರು. ಎರಡೂ ದಿನ ಮೊದಲು ಕೈಬಿಟ್ಟದ್ದು ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಿನ 400 ಕೆ.ವಿ. ಮಾರ್ಗ. ಆ ಮಾರ್ಗದಲ್ಲಿ ತಂತಿ ಹರಿದಿರಲಿಲ್ಲ, ಮರ ತಾಗಿರಲಿಲ್ಲ. ಜೊತೆಯ ಮಾರ್ಗಗಳು ದುರಸ್ತಿಗೋ ಬೇರೆ ಕಾರಣಕ್ಕೋ ಬಂದ್ ಆಗಿದ್ದವು, ಉಳಿದದ್ದರ ಮೇಲೆ ಹೊರೆ ಏರಿತ್ತು. ವೋಲ್ಟೇಜು ಕುಸಿದು ಕರೆಂಟು ಹೆಚ್ಚಿದಾಗ ದೂರದಲ್ಲೆಲ್ಲೋ ಶಾರ್ಟ್ ಆಗಿದೆ ಎಂದೇ ರಿಲೇಗೆ (ತೊಂದರೆ ಕಂಡರೆ ಮಾರ್ಗವನ್ನು ಕಡಿಸುವ ರಕ್ಷಣಾ ಸಾಧನಕ್ಕೆ) ಕಂಡಿತು, ಅದು ಮಾರ್ಗವನ್ನು ಕಡಿದುಹಾಕಿತು. ರಿಲೇಗಳೊಂದಿಗೆ ನನ್ನ ಉದ್ಯೋಗದ ಆಯುಷ್ಯ ಕಳೆದಿದೆ. ಆ ರಿಲೇ ತನಗೆ ಹೇಳಿಕೊಟ್ಟಂತೆಯೇ ನಡೆದುಕೊಂಡಿತು ಎಂದೇ ಹೇಳುತ್ತೇನೆ. ಒಂದು ಮಾರ್ಗದ ಒಂದು ತುದಿಯಲ್ಲಿ ಕುಳಿತ ರಿಲೇಗೆ ಅಷ್ಟೇ ಕಾಣುತ್ತದೆ. ಜಾಲವೆಲ್ಲ ಎಷ್ಟು ತಿರುಚಿಕೊಂಡಿದೆ ಎಂಬುದು ಮೇಲಿನಿಂದ ನೋಡುವವನಿಗೆ ಕಾಣಬೇಕು. 2010ರಲ್ಲಿ ಪ್ರಯೋಗಕ್ಕೆಂದು ಉತ್ತರದ ಜಾಲದಲ್ಲಿ ಹಾಕಿದ ಬೆರಳೆಣಿಕೆಯ ಪಿಎಂಯುಗಳಿಂದ ಆರಂಭವಾದ ಕೆಲಸ ಈ ಅನಾಹುತದ ನಂತರ ದೇಶವ್ಯಾಪಿ ಯೋಜನೆಯಾಯಿತು, ಸಾವಿರಕ್ಕೂ ಹೆಚ್ಚು ಪಿಎಂಯುಗಳು ಕುಳಿತವು.

ಆ ಎರಡು ದಿನ ನಮ್ಮ ರಾಯಚೂರಿನಲ್ಲಿ ದೀಪ ಆರಲಿಲ್ಲ. ದಕ್ಷಿಣದ ಜಾಲ ಆಗ ಉಳಿದ ದೇಶದೊಂದಿಗೆ ಡಿ.ಸಿ. (ಏಕಮುಖ ವಿದ್ಯುತ್ತಿನ) ಸಂಪರ್ಕಗಳ ಮೂಲಕ ಮಾತ್ರ ಕೂಡಿತ್ತು. ಒಂದು ಕೆರೆಯಿಂದ ಇನ್ನೊಂದಕ್ಕೆ ಪಂಪಿನಲ್ಲಿ ನೀರು ಎತ್ತಿ ಹಾಕಿದ ಹಾಗೆ ಅದು: ನೀರು ದಾಟುತ್ತದೆ, ಎರಡು ಕೆರೆಗಳ ಮಟ್ಟ ಬೇರೆ ಬೇರೆಯೇ ಇರುತ್ತದೆ. ದಕ್ಷಿಣದ ಆವರ್ತನ ಬೇರೆ, ಉತ್ತರದ್ದು ಬೇರೆ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗವನ್ನು ಚಾಲು ಮಾಡಿದಾಗ ಆ ಕಟ್ಟೆ ಒಡೆದು ಎರಡು ಕೆರೆ ಒಂದಾದವು. ದೇಶಕ್ಕೆಲ್ಲ ಒಂದೇ ಆವರ್ತನ ಬಂದದ್ದು ನಮ್ಮ ಊರಿನ ಹೊಸ್ತಿಲಲ್ಲಿ. ಈ ಮಾತನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಶಾಲೆಯಲ್ಲಿ ಹೇಳಿಕೊಡಬೇಕು ಎಂದು ನನಗೆ ಬಹಳ ಆಸೆ. ಇದರಿಂದ ಒಂದು ಜವಾಬ್ದಾರಿಯೂ ಬಂತು. ಅಂದಿನಿಂದ ದೂರದ ಉತ್ತರದಲ್ಲಿ ದೊಡ್ಡ ಸ್ಥಾವರವೊಂದು ಕೈಕೊಟ್ಟರೆ ಶಕ್ತಿನಗರದ ಟರ್ಬೈನಿಗೂ ಅದರ ಜಗ್ಗು ತಟ್ಟುತ್ತದೆ. ದಕ್ಷಿಣ ಎಷ್ಟು ಎಳೆಯುತ್ತಿದೆ, ಉಳಿದ ದೇಶ ಎಷ್ಟು ಕೊಡುತ್ತಿದೆ ಎಂಬುದು ಈ ಮಾರ್ಗದ ಎರಡು ತುದಿಗಳ ಕೋನದಲ್ಲೇ ಓದಲು ಸಿಗುತ್ತದೆ.

ಕೋನದ ಅಂತರ ನಿಂತ ನೀರಿನಂತೆ ಇರುವುದಿಲ್ಲ, ಓಲಾಡುತ್ತದೆ. ಪಿಎಂಯುವಿನ ನಿಜವಾದ ಕಸುವು ಇರುವುದು ಈ ಓಲಾಟವನ್ನು ಹಿಡಿಯುವುದರಲ್ಲಿ ಎಂಬುದು ನನ್ನ ಅಭಿಪ್ರಾಯ. ನಾಗರ ಪಂಚಮಿಯ ಜೋಕಾಲಿಯನ್ನು ನೆನೆಯಿರಿ. ದೇಶದ ಒಂದು ಭಾಗದ ಯಂತ್ರಗಳೆಲ್ಲ ಸೇರಿ ಇನ್ನೊಂದು ಭಾಗದ ಯಂತ್ರಗಳಿಗೆ ಎದುರಾಗಿ ಹೀಗೆ ಹಿಂದೆ ಮುಂದೆ ತೂಗಬಲ್ಲವು. ಒಂದು ತೂಗು ಮುಗಿಯಲು ಎರಡರಿಂದ ಐದಾರು ಸೆಕೆಂಡು ಹಿಡಿಯಬಹುದು. ತೂಗು ತಾನಾಗಿ ತಣಿದರೆ ಚಿಂತೆಯಿಲ್ಲ. ಯಾರೋ ಹಿಂದಿನಿಂದ ಮೀಟುತ್ತಿರುವಂತೆ ಪ್ರತಿ ಸಲವೂ ಹೆಚ್ಚುತ್ತಾ ಹೋದರೆ ಜಾಲ ಹರಿಯುತ್ತದೆ. ಈಗ ನೋಡಿ: ಉಪಕೇಂದ್ರಗಳ ಅಳತೆಗಳನ್ನು ನಿಯಂತ್ರಣ ಕೇಂದ್ರಕ್ಕೆ ಮುಟ್ಟಿಸುವ ಹಳೆಯ ಸ್ಕಾಡಾ ವ್ಯವಸ್ಥೆ ನಾಲ್ಕರಿಂದ ಹತ್ತು ಸೆಕೆಂಡಿಗೊಮ್ಮೆ ಅಳತೆ ತರುತ್ತದೆ. ಜೋಕಾಲಿ ನಾಲ್ಕು ಸೆಕೆಂಡಿಗೊಂದು ತೂಗು ತೂಗುತ್ತಿದೆ, ನೀವು ಸರಿಯಾಗಿ ನಾಲ್ಕು ಸೆಕೆಂಡಿಗೊಮ್ಮೆ ಮಾತ್ರ ಕಣ್ಣು ತೆರೆಯುತ್ತೀರಿ ಎಂದುಕೊಳ್ಳಿ. ಪ್ರತಿ ಸಲವೂ ಅದು ಅದೇ ಜಾಗದಲ್ಲಿ ಕಾಣುತ್ತದೆ. ನಿಂತಿದೆ ಎಂದೇ ನೀವು ಪ್ರಮಾಣ ಮಾಡಿ ಹೇಳುತ್ತೀರಿ. ಸೆಕೆಂಡಿಗೆ 25 ಸಲ ಕಣ್ಣು ತೆರೆದವನಿಗೆ ತೂಗು ಪೂರ್ತಿ ಕಾಣುತ್ತದೆ.

1996ರ ಆಗಸ್ಟ್ 10ರಂದು ಅಮೆರಿಕದ ಪಶ್ಚಿಮ ಭಾಗದ ಜಾಲ ಒಡೆದದ್ದು ಇಂಥ ತೂಗಿನಿಂದಲೇ. ಸುಮಾರು ನಾಲ್ಕು ಸೆಕೆಂಡಿಗೊಂದರಂತೆ ಬೆಳೆಯುತ್ತ ಹೋದ ಓಲಾಟ ಅಲ್ಲಿನ ದಾಖಲೆಗಳಲ್ಲಿ ಸಿಕ್ಕಿತು. ಎಂಜಿನಿಯರುಗಳು ಅದೇ ಘಟನೆಯನ್ನು ತಮ್ಮ ಕಂಪ್ಯೂಟರ್ ಮಾದರಿಯಲ್ಲಿ ಮರುನಡೆಸಿದಾಗ ಮಾದರಿ ಏನೂ ಆಗುವುದಿಲ್ಲ, ಓಲಾಟ ತಣಿಯುತ್ತದೆ ಎಂದು ತೋರಿಸಿತು. ಅವರು ವರ್ಷಗಟ್ಟಲೆ ನಂಬಿದ್ದ ಮಾದರಿ ಅದು. ದಾಖಲೆ ಇಲ್ಲದಿದ್ದರೆ ಆ ನಂಬಿಕೆ ಮುಂದುವರಿಯುತ್ತಿತ್ತು. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾಗುವ ಮುಂಚಿನ ಅರ್ಧ ಗಂಟೆಯಲ್ಲೂ ಓಲಾಟಗಳು ಕಂಡುಬಂದಿದ್ದವು. ಅಲ್ಲಿ ಕೊನೆಗೆ ಜಾಲವನ್ನು ಕೆಡವಿದ್ದು ವೋಲ್ಟೇಜಿನ ಏರಿಕೆ.

ಓಲಾಟ ಕಂಡರೆ ಏನು ಮಾಡುತ್ತಾರೆ? ತಕ್ಷಣಕ್ಕೆ ಮಾರ್ಗದ ಮೇಲಿನ ಹರಿವನ್ನು ಇಳಿಸುತ್ತಾರೆ, ಬಂದ್ ಆಗಿರುವ ಮಾರ್ಗವನ್ನು ಸೇರಿಸುತ್ತಾರೆ. ಶಾಶ್ವತ ಮದ್ದು ಸ್ಥಾವರದೊಳಗಿದೆ. ಜನರೇಟರಿಗೆ ಪವರ್ ಸಿಸ್ಟಮ್ ಸ್ಟೆಬಿಲೈಜರ್ ಎಂಬ ಸಾಧನ ಇರುತ್ತದೆ. ತೂಗು ಯಾವ ಕಡೆ ಹೋಗುತ್ತಿದೆ ಎಂದು ನೋಡಿ ಎದುರು ದಿಕ್ಕಿಗೆ ತುಸು ತಡೆ ಒಡ್ಡುವುದು ಅದರ ಕೆಲಸ. ಜಾಲ ಬೆಳೆದಂತೆ ಅದನ್ನು ಮತ್ತೆ ಮತ್ತೆ ಶ್ರುತಿ ಮಾಡಬೇಕು. ಶ್ರುತಿ ತಪ್ಪಿದ ಘಟಕ ಯಾವುದು ಎಂದು ಪಿಎಂಯು ದಾಖಲೆಯಲ್ಲಿ ಹುಡುಕಬಹುದು.

ನಮ್ಮ ಸೀಮೆಗೆ ಇದು ಇನ್ನಷ್ಟು ಬೇಕಾಗುತ್ತದೆ. ಶಕ್ತಿನಗರದಲ್ಲಿ 1720 ಮೆಗಾವಾಟ್, ಬಳ್ಳಾರಿಯ ಕುಡತಿನಿಯಲ್ಲಿ 1700, ಯರಮರಸ್‌ನಲ್ಲಿ 1600 ಮೆಗಾವಾಟ್ ಸಾಮರ್ಥ್ಯದ ಉಗಿಯಂತ್ರಗಳಿವೆ. ಆ ಭಾರವಾದ ರೋಟರುಗಳು ತಿರುಗುವಾಗ ಕೂಡಿಟ್ಟುಕೊಂಡ ಚಲನಶಕ್ತಿಯೇ ಜಾಲಕ್ಕೆ ಆನೆಯ ತೂಕ. ಎಲ್ಲೋ ಒಂದು ಘಟಕ ನಿಂತರೆ ಆವರ್ತನ ಕೂಡಲೇ ಕುಸಿಯದಂತೆ ಕೆಲವು ಸೆಕೆಂಡು ತಡೆಯುವುದು ಆ ತೂಕ. ಕೊಪ್ಪಳದ ಕಡೆ ಈಗ ಎಲ್ಲಿ ನೋಡಿದರೂ ಗಾಳಿಯಂತ್ರ. ಇವು ಮತ್ತು ಸೌರಫಲಕಗಳು ಜಾಲಕ್ಕೆ ಕೂಡುವುದು ಬಹುಮಟ್ಟಿಗೆ ಇನ್ವರ್ಟರು ಎಂಬ ಎಲೆಕ್ಟ್ರಾನಿಕ್ ಸಾಧನಗಳ ಮೂಲಕ. ತಾನಾಗಿ ಒದಗುವ ಆ ತೂಕ ಅವುಗಳಿಂದ ಬರುವುದಿಲ್ಲ. ನಾನು ಗಾಳಿಯಂತ್ರದ ವಿರೋಧಿಯಲ್ಲ, ಬೇಕೇ ಬೇಕು. ಆದರೆ ತೂಕ ಕಡಿಮೆಯಾದ ಬಂಡಿ ಗುಂಡಿಗೆ ಬಿದ್ದರೆ ಹೆಚ್ಚು ಕುಲುಕುತ್ತದೆ, ಹೊಡೆಯುವವನ ಕಣ್ಣು ಅಷ್ಟೇ ಚುರುಕಾಗಿರಬೇಕು. ನಮ್ಮ ಜಾಲಕ್ಕೆ ಇಟ್ಟಿರುವ ಆವರ್ತನದ ಮಿತಿ 49.90ರಿಂದ 50.05 ಹರ್ಟ್ಜ್. ಅದರೊಳಗೆ ಇದ್ದೇವೆಯೇ ಎಂಬುದಷ್ಟೇ ಇನ್ನು ಸಾಲದು. ಎಷ್ಟು ವೇಗವಾಗಿ ಇಳಿಯುತ್ತಿದ್ದೇವೆ ಎಂಬುದೂ ತಿಳಿಯಬೇಕು, ಪಿಎಂಯು ಅದನ್ನೂ ಕೊಡುತ್ತದೆ.

ಗಡಿಯಾರದ ಬಗ್ಗೆ ನನಗೆ ಇಷ್ಟು ಕಳಕಳಿ ಏಕೆ ಎಂದು ಹೇಳಲೇಬೇಕು. ಬಹಳ ವರ್ಷಗಳ ಹಿಂದೆ ನಾನಿದ್ದ ಒಂದು ಉಪಕೇಂದ್ರದಲ್ಲಿ ಮಳೆಗಾಲದ ರಾತ್ರಿ ಮೂರು ಮಾರ್ಗಗಳು ಒಂದರ ಹಿಂದೊಂದು ಟ್ರಿಪ್ ಆದವು. ಯಾವುದು ಮೊದಲು ಎಂದು ತಿಳಿದರೆ ಮಾತ್ರ ಕಾರಣ ತಿಳಿಯುತ್ತಿತ್ತು. ಒಂದು ರಿಲೇಯ ಗಡಿಯಾರ ಏಳು ನಿಮಿಷ ಮುಂದಿತ್ತು, ಇನ್ನೊಂದರದು ಹಿಂದಿನ ದಿನದ ತಾರೀಖು ತೋರಿಸುತ್ತಿತ್ತು. ಎದುರು ತುದಿಯ ಉಪಕೇಂದ್ರದ ದಾಖಲೆ ಇವೆರಡಕ್ಕೂ ಹೊಂದಲಿಲ್ಲ. ಮೂರು ದಿನ ಕುಳಿತು ಅಲೆಗಳ ಆಕಾರ ಹೋಲಿಸಿ ಕ್ರಮ ಕಂಡುಹಿಡಿದೆವು. ಅಷ್ಟರಲ್ಲಿ ನಿಜವಾದ ತಪ್ಪಿಗೆ ಸಂಬಂಧವೇ ಇಲ್ಲದ ಒಬ್ಬ ಆಪರೇಟರ್ ಮೇಲೆ ನೋಟಿಸು ಹೋಗಿತ್ತು. ಆ ಹುಡುಗನ ಮುಖ ಇಂದಿಗೂ ನನಗೆ ನೆನಪಿದೆ. ಆದ್ದರಿಂದಲೇ ಕಿರಿಯ ಎಂಜಿನಿಯರುಗಳಿಗೆ ನಾನು ಹೇಳುವುದು: ಚಾವಣಿಯ ಮೇಲಿನ ಜಿಪಿಎಸ್ ಆಂಟೆನಾವನ್ನು, ಮಾರ್ಗವನ್ನು ಕಡಿಯುವ ದೊಡ್ಡ ಸ್ವಿಚ್ಚಾದ ಬ್ರೇಕರಿನಷ್ಟೇ ಅಕ್ಕರೆಯಿಂದ ನೋಡಿಕೊಳ್ಳಿ. ಅದರ ಕೇಬಲ್ಲಿಗೆ ನೀರು ಇಳಿದರೆ, ಅದಕ್ಕೆ ಆಕಾಶ ಕಾಣದಂತೆ ಯಾರೋ ನೀರಿನ ಟ್ಯಾಂಕು ಇಟ್ಟರೆ, ಉಪಕರಣ ಸ್ವಲ್ಪ ಹೊತ್ತು ತನ್ನ ಸ್ವಂತ ಎಣಿಕೆಯ ಮೇಲೆ ನಡೆದು ಆಮೇಲೆ ಮೆಲ್ಲಗೆ ದಾರಿ ತಪ್ಪುತ್ತದೆ. ಸಮಯ ತಪ್ಪಿದೆ ಎಂಬ ಎಚ್ಚರಿಕೆಯ ಗುರುತನ್ನು ಅದು ಅಳತೆಯ ಜೊತೆಗೇ ಕಳಿಸುತ್ತದೆ. ಅದನ್ನು ನೋಡುವವರು ಬೇಕು.

ಈಗ ನಿಮ್ಮ ಮನೆಯ ದೀಪ. ಎಲ್ಲೋ ಒಂದು 220 ಅಥವಾ 400 ಕೆ.ವಿ. ಮಾರ್ಗಕ್ಕೆ ಸಿಡಿಲು ಬಡಿದಾಗ ಸುತ್ತಲಿನ ಜಿಲ್ಲೆಗಳ ವೋಲ್ಟೇಜು ಒಮ್ಮೆಲೇ ಕುಗ್ಗುತ್ತದೆ. ರಿಲೇ ಮತ್ತು ಬ್ರೇಕರ್ ಸೇರಿ ಆ ಮಾರ್ಗವನ್ನು ಬೇರ್ಪಡಿಸಿದ ಕೂಡಲೇ ವೋಲ್ಟೇಜು ಮೇಲೇಳುತ್ತದೆ. ಇದಕ್ಕೆ 400 ಕೆ.ವಿ.ಯಲ್ಲಿ 100 ಮಿಲಿಸೆಕೆಂಡು, 220 ಕೆ.ವಿ.ಯಲ್ಲಿ 160 ಮಿಲಿಸೆಕೆಂಡು ಮೀರಬಾರದು ಎಂಬ ನಿಯಮವಿದೆ. ನೀವು ಕಂಡದ್ದು ಬಹುಶಃ ಅದನ್ನೇ. ದೀಪ ಮಂಕಾಗಿ ಬೆಳಗಿತು ಎಂದರೆ ರಕ್ಷಣಾ ವ್ಯವಸ್ಥೆ ಕೆಲಸ ಮಾಡಿತು ಎಂದೇ ಅರ್ಥ. ಪಿಎಂಯು ದಾಖಲೆಯಲ್ಲಿ ಅದು ಎರಡು ಮೂರು ಅಳತೆಗಳಷ್ಟು ಅಗಲದ ಒಂದು ತಗ್ಗಾಗಿ ಉಳಿಯುತ್ತದೆ. ಯಾವ ಫೇಸಿನಲ್ಲಿ, ಎಷ್ಟು ಆಳ, ಎಷ್ಟು ಹೊತ್ತು, ಬ್ರೇಕರ್ ಸಕಾಲಕ್ಕೆ ತೆರೆಯಿತೇ, ಮತ್ತೆ ತಾನಾಗಿ ಕೂಡಿಕೊಂಡಿತೇ, ಎಲ್ಲವನ್ನೂ ಅದರಲ್ಲಿ ಓದಬಹುದು. ತಗ್ಗು ಅರ್ಧ ಸೆಕೆಂಡು ಅಗಲವಾಗಿದ್ದರೆ ಯಾವುದೋ ಬ್ರೇಕರ್ ಮೊಂಡಾಗಿದೆ, ಮುಂದಿನ ಸಲ ಅದರಿಂದ ದೊಡ್ಡ ಅನಾಹುತವಾಗಬಹುದು.

ಮೋಟಾರಿನ ಕಥೆ ಬೇರೆ. ಪಿಎಂಯುಗಳು ಕುಳಿತಿರುವುದು ದೊಡ್ಡ ಉಪಕೇಂದ್ರಗಳಲ್ಲಿ ಮತ್ತು ಸ್ಥಾವರಗಳಲ್ಲಿ. ಉಪಕೇಂದ್ರದಿಂದ ನಿಮ್ಮ ಕಡೆಗೆ ಬರುವ 11 ಕೆ.ವಿ. ತಂತಿಯ, ಅಂದರೆ ಫೀಡರಿನ, ತುದಿ ಅವಕ್ಕೆ ಕಾಣುವುದಿಲ್ಲ. ತ್ರೀ ಫೇಸ್ ಬಂದ ಕ್ಷಣ ಒಂದು ಟಿ.ಸಿ.ಯ ಮೇಲಿನ ಪಂಪ್‌ಸೆಟ್ಟುಗಳೆಲ್ಲ ಆಟೊ ಸ್ಟಾರ್ಟರಿನಿಂದ ಒಟ್ಟಿಗೆ ಏಳುತ್ತವೆ. ಪ್ರತಿ ಮೋಟಾರೂ ಏಳುವಾಗ ಮಾಮೂಲಿಗಿಂತ ಐದಾರು ಪಟ್ಟು ಕರೆಂಟು ಎಳೆಯುತ್ತದೆ. ವೋಲ್ಟೇಜು ಶೇಕಡ 20 ಇಳಿದರೆ ಮೋಟಾರಿನ ತಿರುಗುಬಲ ಶೇಕಡ 64ಕ್ಕೆ ಬೀಳುತ್ತದೆ, ಏಕೆಂದರೆ ಅದು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುತ್ತದೆ. ಪೂರ್ತಿ ವೇಗಕ್ಕೆ ಏರಲಾಗದ ಮೋಟಾರು ಕರೆಂಟು ಎಳೆಯುತ್ತಲೇ ಇದ್ದು ಸುರುಳಿ ಸುಟ್ಟುಕೊಳ್ಳುತ್ತದೆ. ನಿಮ್ಮ ಟಿ.ಸಿ.ಯ ಮೇಲಿನ ರೈತರು ಒಂದು ದಿನ ಕೂಡಿ ಮಾತಾಡಿ, ಒಬ್ಬರಾದ ಮೇಲೆ ಒಬ್ಬರು ಮೋಟಾರು ಚಾಲು ಮಾಡುವಂತೆ ಸ್ಟಾರ್ಟರುಗಳಿಗೆ ಟೈಮರ್ ಹಾಕಿಸಿಕೊಳ್ಳಿ. ಮೋಟಾರಿನ ಅಶ್ವಶಕ್ತಿಗೆ ತಕ್ಕ ಕೆಪಾಸಿಟರ್ ಹಾಕಿಸಿ. ಹೊರೆ ಮೀರಿದರೆ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯನ್ನು ಕೆಲಸ ಮಾಡದಂತೆ ಅಡ್ಡಕಟ್ಟಿದ್ದರೆ ಆ ಅಡ್ಡಗಟ್ಟನ್ನು ಇಂದೇ ತೆಗೆಸಿ. ಸುಟ್ಟ ಮೋಟಾರುಗಳಲ್ಲಿ ನಾನು ಪದೇ ಪದೇ ಕಂಡ ತಪ್ಪು ಅದು. ಇಷ್ಟಾದ ಮೇಲೂ ವೋಲ್ಟೇಜು ಏಳದಿದ್ದರೆ ಟಿ.ಸಿ.ಗೆ ಹೊರೆ ಹೆಚ್ಚಾಗಿದೆ, ವಿದ್ಯುತ್ ಸರಬರಾಜು ಕಂಪನಿಯಾದ ಜೆಸ್ಕಾಂನ ಶಾಖಾ ಕಚೇರಿಗೆ ಬರಹದಲ್ಲಿ ಅರ್ಜಿ ಕೊಡಬೇಕು.

ಅರ್ಜಿಯಲ್ಲಿ "ವೋಲ್ಟೇಜು ಸರಿಯಿಲ್ಲ" ಎಂದಷ್ಟೇ ಬರೆಯಬೇಡಿ. ನಿಮ್ಮ ಮೊಬೈಲಿನ ಗಡಿಯಾರವೂ ನೆಟ್‌ವರ್ಕಿನ ಸಮಯಕ್ಕೆ ಹೊಂದಿಕೊಂಡೇ ನಡೆಯುತ್ತದೆ. ಮುಂದಿನ ಒಂದು ತಿಂಗಳು ದೀಪ ಮಂಕಾದಾಗ, ಮೋಟಾರು ಮುಕ್ಕರಿದಾಗ, ತಾರೀಖು, ಗಂಟೆ, ನಿಮಿಷ ಬರೆದಿಡಿ. ಮೀಟರ್ ಇದ್ದರೆ ವೋಲ್ಟೇಜನ್ನೂ ಬರೆಯಿರಿ. ಆ ಚೀಟಿಯನ್ನು ಉಪಕೇಂದ್ರದ ಲಾಗ್ ಪುಸ್ತಕದ ಪಕ್ಕ ಇಟ್ಟು ನೋಡಿದರೆ ಯಾವುದು ಮೇಲಿನ ಜಾಲದಿಂದ ಬಂದದ್ದು, ಯಾವುದು ನಿಮ್ಮ ಫೀಡರಿನದು ಎಂದು ಶಾಖಾಧಿಕಾರಿ ಹತ್ತು ನಿಮಿಷದಲ್ಲಿ ಬೇರ್ಪಡಿಸಬಲ್ಲರು.